ಕುಂಕುಮ ನುಂಗಿದ ಟ್ರಾಂಬೋನಿಗೆ

ಇವರಿಗೆ,
ಏಳನೇ ನಂಬರಿನ ಟ್ರಾಂಬೋನ್ ಅವರು,
ಬ್ಯಾಂಡ್ ಕೋಣೆ, ನಾಲ್ಕನೇ ಮಹಡಿ, ನಮ್ಮ ಸೆಕೆಂಡರಿ ಶಾಲೆ, ಸಿಂಗಪುರ.
ಸದ್ಯದ ಬಿಡಾರ: ವಾದ್ಯ ರಿಪೇರಿ ಅಂಗಡಿಯ ಮೂರನೇ ಕಪಾಟು.

ಮಾನ್ಯರೇ,

ತಮ್ಮ ಹಿತ್ತಾಳೆ ಮೈಗೂ, ನನ್ನ ತಲೆಗಿಂತ ಅಗಲವಾದ ತಮ್ಮ ಬಾಯಿಗೂ, ಬಲಗೈಯಿಂದ ಮುಂದಕ್ಕೂ ಹಿಂದಕ್ಕೂ ಜಾರಿಸಿದರೆ ಮಾತ್ರ ಸ್ವರ ಬದಲಾಯಿಸುವ ತಮ್ಮ ಉದ್ದನೆಯ ಕೊಳವೆಗೂ, ಅಂದರೆ ಶಾಲೆಯವರು ಸ್ಲೈಡ್ ಎಂದು ಕರೆಯುವ ಆ ಅವಯವಕ್ಕೂ, ಬೇರೆ ಬೇರೆಯಾಗಿ ನಮಸ್ಕಾರಗಳು. ಇತ್ತ ನಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತ ತಾವು ಹೇಗಿದ್ದೀರಿ ಎಂಬುದನ್ನು ಅಂಗಡಿಯವರು ಬರುವ ವಾರ ಹೇಳುತ್ತಾರಂತೆ. ಅದುವರೆಗೆ ತಾವು ಚೆನ್ನಾಗಿಯೇ ಇದ್ದೀರಿ ಎಂದು ನಂಬಿಕೊಂಡು, ಚೆನ್ನಾಗಿರುವವರ ಮೇಲೆ ದೂರು ಹೇಳಿದರೆ ತಪ್ಪಲ್ಲವೆಂದು ತಿಳಿದು, ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಹೆಸರು ಪ್ರಣತಿ. ತಮಗೆ ಗೊತ್ತಿರಬಹುದು, ಹತ್ತು ತಿಂಗಳಿಂದ ತಾವು ಉಸಿರಾಡುತ್ತಿರುವುದು ನನ್ನ ಉಸಿರನ್ನೇ. ಮೈಸೂರಿನಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಅಪ್ಪನಿಗೆ ಕೆಲಸವಾದ್ದರಿಂದ ಈ ಜನವರಿಯಲ್ಲಿ ಇಲ್ಲಿನ ಸೆಕೆಂಡರಿ ಒಂದಕ್ಕೆ ಸೇರಿದವಳು. ಹಾಗಾಗಿ ನನ್ನ ಕನ್ನಡ ಏಳನೇ ಕ್ಲಾಸಿನ ಬೆಂಚಿನಲ್ಲೇ ಕೂತಿದೆ, ತಪ್ಪುಗಳನ್ನು ತಿದ್ದಿ ಓದಿಕೊಳ್ಳಬೇಕು. ಪತ್ರವನ್ನು ಬಹಿರಂಗವಾಗಿ ಬರೆಯಲು ನನಗೇನೂ ಸಂಕೋಚವಿಲ್ಲ. ಶಾಲೆಯ ಗೋಡೆಗೆ ಅಂಟಿಸಿದರೂ ಇದನ್ನು ಓದಬಲ್ಲವನು ಡ್ರಮ್ಸ್ ಬಾರಿಸುವ ಮಧ್ವೇಶ್ ಒಬ್ಬನೇ, ಅವನೂ ಒತ್ತಕ್ಷರ ಬಂದಲ್ಲೆಲ್ಲ ನಿಂತು ನೀರು ಕುಡಿಯುತ್ತಾನೆ.

ದೂರಿನ ಮುಖ್ಯ ವಿಷಯ ಇಷ್ಟು. ನಾನು ಬಾಯಿ ಬಿಟ್ಟು ಯಾರನ್ನೂ ಏನನ್ನೂ ಕೇಳದವಳು, ಇಲ್ಲಿಗೆ ಬಂದ ಮೇಲೆ ಆಸೆಪಟ್ಟದ್ದು ಒಂದೇ ಒಂದು, ಜಾಜ್ ಬ್ಯಾಂಡಿನಲ್ಲಿ ಎರಡನೇ ಟ್ರಾಂಬೋನಿನ ಕುರ್ಚಿ. ಆ ಕುರ್ಚಿ ತಮ್ಮ ದೆಸೆಯಿಂದ ನನಗೆ ಸಿಕ್ಕಂತಾಯಿತು, ತಮ್ಮ ದೆಸೆಯಿಂದಲೇ ಕೈ ತಪ್ಪಿ ಹೋದಂತಾಯಿತು. ಈ ಎರಡೂ ಕೆಲಸವನ್ನು ತಾವು ಒಂದೇ ಮಧ್ಯಾಹ್ನ, ಒಂದಿಂಚೂ ಅಲುಗಾಡದೆ, ಮಾಡಿ ಮುಗಿಸಿದಿರಿ. ಇಷ್ಟು ದಕ್ಷತೆ ಸರ್ಕಾರಿ ಕಚೇರಿಗಳಲ್ಲೂ ಕಂಡಿಲ್ಲವೆಂದು ಅಪ್ಪ ಹೇಳುತ್ತಾರೆ.

ನಮ್ಮ ಪರಿಚಯವಾದ ದಿನವನ್ನು ಮೊದಲು ನೆನಪಿಸಬೇಕು. ಇಲ್ಲಿನ ಶಾಲೆಗಳಲ್ಲಿ ಪಾಠದ ಜೊತೆ ಇನ್ನೊಂದು ಚಟುವಟಿಕೆಗೆ ಎಲ್ಲರೂ ಸೇರಲೇಬೇಕು. ನಾನು ಫಾರ್ಮಿನಲ್ಲಿ ಮೊದಲ ಆಯ್ಕೆ ಗ್ರಂಥಾಲಯ, ಎರಡನೆಯದು ಗ್ರಂಥಾಲಯ, ಮೂರನೆಯದು ಬೇರೆ ಏನಾದರೂ ಬರೆಯಲೇಬೇಕೆಂದು ಟೀಚರ್ ಒತ್ತಾಯಿಸಿದ್ದರಿಂದ ಬ್ಯಾಂಡ್ ಎಂದು ತುಂಬಿದ್ದೆ. ಬ್ಯಾಂಡೇ ಬಂತು. ಮನಸ್ಸಿನಲ್ಲಿ ನಾನು ಕೊಳಲಿನಷ್ಟು ಸಣ್ಣ ವಾದ್ಯವನ್ನೋ, ಸಾಧ್ಯವಾದರೆ ಆ ಮೂರು ಮೂಲೆಯ ಪುಟ್ಟ ಕಬ್ಬಿಣದ ಗಂಟೆಯನ್ನೋ ಇಟ್ಟುಕೊಂಡು ಹೋಗಿದ್ದೆ. ಟ್ರಾಂಬೋನ್ ಗುಂಪಿನ ಮುಖ್ಯಸ್ಥೆ, ಸೆಕೆಂಡರಿ ಮೂರರ ಹಫೀಜಾ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಕೈ ಚಾಚು ನೋಡೋಣ ಲಾ’ ಅಂದಳು, ಈ ಊರಿನವರ ಮಾತಿಗೆ ಲಾ ಎಂಬುದೊಂದು ಬಾಲ. ಚಾಚಿದೆ. ತಮ್ಮ ಸ್ಲೈಡಿನಲ್ಲಿ ಕೈ ನಿಲ್ಲಬೇಕಾದ ಜಾಗಗಳು ಏಳು, ನನ್ನ ಕೈ ಐದನೆಯದಕ್ಕೇ ಮುಗಿಯಿತು. ‘ಪರವಾಗಿಲ್ಲ, ಬೆಳೀತದೆ’ ಎಂದು ತಮ್ಮನ್ನು ನನ್ನ ಮಡಿಲಿಗೆ ಹಾಕಿದಳು. ಕೈ ಬೆಳೆಯುತ್ತದೋ ತಾವು ಕುಗ್ಗುತ್ತೀರೋ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಅಂದಿನಿಂದ ತಾವು ನನಗೆ ಮಾಡಿರುವ ಉಪಕಾರಗಳನ್ನು ಬರೆಯಹೊರಟರೆ ಈ ನೋಟ್‌ಬುಕ್ಕು ಸಾಲದು. ತಮ್ಮ ಪೆಟ್ಟಿಗೆಯನ್ನು ಹೊತ್ತು ಎಲ್‌ಆರ್‌ಟಿ ರೈಲು ಹತ್ತಿದರೆ ಕಾಲೇಜು ಹುಡುಗರಿಂದ ಹಿಡಿದು ಅಜ್ಜಂದಿರ ತನಕ ಎಲ್ಲರೂ ಸರಿದು ನಿಲ್ಲುತ್ತಾರೆ. ಒಮ್ಮೆ ಅಂಕಲ್ ಒಬ್ಬರು ಎದ್ದು ನಿಂತು ಸೀಟು ತೋರಿಸಿದರು. ನಾನು ಕೂರಲು ಹೋದಾಗ ‘ನೀನಲ್ಲ, ಅದು’ ಅಂದರು. ತಾವು ಕೂತಿರಿ, ನಾನು ಆರು ಸ್ಟೇಷನ್ ನಿಂತೆ. ಮನೆಗೆ ತಂದು ಊದಿದ ಮೊದಲ ಶನಿವಾರ ಪಕ್ಕದ ಮನೆಯ ಟಾನ್ ಆಂಟಿ ಬಾಗಿಲು ತಟ್ಟಿ, ಬಹಳ ಮೆಲ್ಲಗೆ, ‘ನಿಮ್ಮನೆ ಹಸುಗೆ ಹೊಟ್ಟೆನೋವಾ?’ ಎಂದು ವಿಚಾರಿಸಿದರು. ಅಮ್ಮ ಅವರಿಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟು ಕಳಿಸಿದರು. ಮುಂದಿನ ಶನಿವಾರ ಆಂಟಿ ಡಬ್ಬಿ ವಾಪಸು ತಂದು, ‘ಹಸು ಇವತ್ತು ಯಾಕೆ ಸುಮ್ಮನಿದೆ?’ ಎಂದು ಕೇಳಿದರು. ಖಾಲಿ ಡಬ್ಬಿಯನ್ನು ಅವರು ಹಿಡಿದುಕೊಂಡಿದ್ದ ರೀತಿ ನೋಡಿದರೆ ಅದು ಬರೀ ವಿಚಾರಣೆಯಲ್ಲ ಎಂದು ಅಮ್ಮನಿಗೆ ಅರ್ಥವಾಯಿತು.

ಇಷ್ಟಾದರೂ ತಮ್ಮ ಒಂದು ಗುಣವನ್ನು ಮೆಚ್ಚದಿದ್ದರೆ ಅನ್ಯಾಯವಾದೀತು. ನಮ್ಮ ಶಾಲೆಯಲ್ಲಿ ಎರಡು ಬ್ಯಾಂಡುಗಳಿವೆ. ದೊಡ್ಡ ಬ್ಯಾಂಡಿನಲ್ಲಿ ಅರವತ್ತು ಜನ, ಎಲ್ಲರಿಗೂ ಮುಂದೆ ಹಾಳೆ, ಹಾಳೆಯಲ್ಲಿ ಇದ್ದದ್ದನ್ನು ಊದಬೇಕು, ಇಲ್ಲದಿದ್ದಲ್ಲಿ ಸುಮ್ಮನಿರಬೇಕು. ಟ್ರಾಂಬೋನಿನವರಿಗೆ ಸುಮ್ಮನಿರುವ ಭಾಗ್ಯ ಬಹಳ. ಕೊಳಲಿನವರು ಬೆವರು ಸುರಿಸುತ್ತಿರುವಾಗ ನಮ್ಮ ಹಾಳೆಯಲ್ಲಿ ಒಂದು ದಪ್ಪ ಗೆರೆ ಎಳೆದು ಮೇಲೆ ಮೂವತ್ತೆರಡು ಎಂದು ಬರೆದಿರುತ್ತದೆ. ಅಂದರೆ ಮೂವತ್ತೆರಡು ಬಾರ್ ಕಾಲ, ಬಾರಿಗೆ ನಾಲ್ಕು ಎಣಿಕೆಯಂತೆ, ಎಣಿಸುತ್ತ ಕೂತು ಆಮೇಲೆ ಸರಿಯಾಗಿ ಎದ್ದುಕೊಳ್ಳಬೇಕು. ಉಳಿದವರೆಲ್ಲ ಹದಿನೇಳರ ಹತ್ತಿರ ದಾರಿ ತಪ್ಪುತ್ತಿದ್ದರು. ನಾನು ಮಾತ್ರ ಮೈಸೂರಿನಲ್ಲಿ ಎರಡು ವರ್ಷ ಸಂಗೀತದ ಮೇಷ್ಟ್ರ ಮುಂದೆ ಕೂತವಳಾದ್ದರಿಂದ ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದೆ, ಒಂದು ಪೆಟ್ಟು, ಮೂರು ಬೆರಳು, ಪೆಟ್ಟು, ತಿರುವು, ಪೆಟ್ಟು, ತಿರುವು. ಒಂದು ಆವರ್ತವೆಂದರೆ ಅವರ ಎರಡು ಬಾರ್. ಹದಿನಾರು ಆವರ್ತಕ್ಕೆ ಬಾಗಿಲು ತೆರೆಯುತ್ತದೆ.

ಇದನ್ನು ಹಫೀಜಾ ಪತ್ತೆ ಹಚ್ಚಿದಳು. ಒಂದು ತಿಂಗಳಲ್ಲಿ ನಾಲ್ಕೂ ಟ್ರಾಂಬೋನಿನವರು ಎಣಿಸುವುದನ್ನೇ ಬಿಟ್ಟು ನನ್ನ ತೊಡೆಯನ್ನು ನೋಡುತ್ತ ಕೂರತೊಡಗಿದರು. ಹಿಂದಿನ ಸಾಲಿನ ಟ್ಯೂಬಾದವನು ಬಗ್ಗಿ ಬಗ್ಗಿ ನೋಡಿ ಒಮ್ಮೆ ಕುರ್ಚಿಯಿಂದ ಬಿದ್ದ. ಬ್ಯಾಂಡ್ ಕಲಿಸುವ ಕೋ ಸರ್ ಕಡ್ಡಿ ಕೆಳಗಿಟ್ಟು, ‘ಲೋ ಬ್ರಾಸ್, ನಾನು ಈ ಕಡೆ ನಿಂತಿದೀನಿ’ ಎಂದು, ದಪ್ಪ ದನಿಯ ಹಿತ್ತಾಳೆ ವಾದ್ಯದವರಾದ ನಮಗೆಲ್ಲ ನೆನಪಿಸಿದರು. ಮಾತೇ ಆಡದೆ ಇಷ್ಟು ಜನರಿಗೆ ಬೇಕಾದವಳಾಗಬಹುದು ಎಂದು ನನಗೆ ತಿಳಿದದ್ದು ತಮ್ಮಿಂದ. ಕ್ಲಾಸಿನಲ್ಲಿ ನನ್ನ ಹೆಸರು ಗೊತ್ತಿದ್ದವರು ಮೂವರು. ತಮ್ಮ ಪಕ್ಕದಲ್ಲಿ ಕೂತಾಗ ನಾನಿಲ್ಲದಿದ್ದರೆ ಒಂದು ಸಾಲೇ ಕಂಗಾಲಾಗುತ್ತಿತ್ತು. ಇದಕ್ಕಾಗಿ ತಮಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡಬೇಕಿತ್ತು. ಹೊದಿಸಿದ್ದು ಬೇರೆಯೇ ಆಯಿತು, ಆ ವಿಷಯಕ್ಕೆ ಈಗ ಬರುತ್ತೇನೆ.

ಇನ್ನೊಂದು ಬ್ಯಾಂಡು ಜಾಜ್ ಬ್ಯಾಂಡು. ಹದಿನಾರೇ ಕುರ್ಚಿ. ಅಲ್ಲಿ ಹಾಳೆ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬಂದು, ಆಮೇಲೆ ಖಾಲಿ ಗೆರೆಗಳನ್ನು ತೋರಿಸಿ, ಇನ್ನು ನಿನಗೆ ಅನ್ನಿಸಿದ್ದನ್ನು ನೀನೇ ಊದಿಕೋ ಎಂದು ಕೈ ಬಿಡುತ್ತದೆ. ಅನ್ನಿಸಿದ್ದನ್ನು ಹೇಳುವುದು ನನ್ನಿಂದಾಗದ ಕೆಲಸವೆಂದು ನಾನು ಆ ಕಡೆ ತಲೆ ಹಾಕಿದವಳಲ್ಲ. ಆದರೆ ಜುಲೈಯಲ್ಲೊಂದು ದಿನ ಛತ್ರಿ ಮರೆತು ವಾಪಸು ಹೋದಾಗ ಅವರ ಅಭ್ಯಾಸ ನಡೆದಿತ್ತು. ಹಫೀಜಾ ಎದ್ದು ನಿಂತು, ಮುಂದೆ ಹಾಳೆಯೇ ಇಲ್ಲದೆ, ಕಣ್ಣು ಮುಚ್ಚಿಕೊಂಡು ಊದುತ್ತಿದ್ದಳು, ಉಳಿದ ಹದಿನೈದು ಜನ ಅವಳು ಏನು ಹೇಳುತ್ತಾಳೋ ಎಂದು ಕಾಯುತ್ತ ಹಿಂದೆ ಹಿಂದೆ ಹೋಗುತ್ತಿದ್ದರು. ಬಾಗಿಲ ಹೊರಗೆ ಶೂಗಳ ನಡುವೆ ಮುಕ್ಕಾಲು ಗಂಟೆ ನಿಂತೆ. ಛತ್ರಿ ಅವತ್ತೂ ತರಲಿಲ್ಲ.

ಅಕ್ಟೋಬರಿನಲ್ಲಿ ಕೋ ಸರ್ ನೋಟಿಸು ಹಾಕಿದರು. ಪರೀಕ್ಷೆ ಮುಗಿದ ವಾರ, ಮಂಗಳವಾರ ಮಧ್ಯಾಹ್ನ, ಜಾಜ್ ಬ್ಯಾಂಡಿಗೆ ಆಯ್ಕೆ. ಟ್ರಾಂಬೋನಿಗೆ ಖಾಲಿ ಇರುವುದು ಒಂದೇ ಕುರ್ಚಿ. ಎಂಟು ಬಾರ್ ಸ್ವಂತದ್ದು ನುಡಿಸಬೇಕು. ಕೊನೆಗೊಂದು ಸಾಲು, ಏಳನೇ ನಂಬರಿನ ಟ್ರಾಂಬೋನ್ ಜನವರಿಯಿಂದ ಜಾಜ್ ಬ್ಯಾಂಡಿಗೆ ಸೇರುತ್ತದೆ, ಆಯ್ಕೆಯಾದವರಿಗೆ ಸಿಗುತ್ತದೆ. ಅಂದರೆ ಕುರ್ಚಿ ಸಿಗದಿದ್ದರೆ ತಾವೂ ಹೋದಿರಿ. ಈ ಏರ್ಪಾಡಿನ ಬಗ್ಗೆ ತಾವು ಒಂದು ಮಾತಾದರೂ ಮುಂಚಿತವಾಗಿ ತಿಳಿಸಬಹುದಿತ್ತು. ನಾನು ಹೆಸರು ಬರೆದೆ, ಎಷ್ಟು ಸಣ್ಣಗೆ ಬರೆದೆನೆಂದರೆ ಕೋ ಸರ್ ಅದನ್ನು ಮೇಲಿನ ಹೆಸರಿನ ಬಾಲವೆಂದು ತಿಳಿದಿದ್ದರಂತೆ. ಅಭ್ಯಾಸಕ್ಕೆಂದು ಅಮ್ಮನ ಸಹಿ ಹಾಕಿಸಿಕೊಂಡು ಶುಕ್ರವಾರ ತಮ್ಮನ್ನು ಮನೆಗೆ ಕರೆತಂದೆ.

ಸೋಮವಾರ ಆಯುಧಪೂಜೆ. ತಾವು ಈ ದೇಶದಲ್ಲೇ ಬೆಳೆದವರಾದ್ದರಿಂದ ಹೇಳಬೇಕಾಗಿದೆ. ಅವತ್ತು ಮನೆಯಲ್ಲಿ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ಪೂಜೆ ಮಾಡುತ್ತೇವೆ. ಪೂಜೆಗಿಟ್ಟದ್ದನ್ನು ಮಾರನೆಯ ದಿನ ವಿಜಯದಶಮಿಯ ಮಂಗಳಾರತಿಯ ತನಕ ಮುಟ್ಟುವಂತಿಲ್ಲ, ಅವಕ್ಕೂ ಒಂದು ದಿನ ರಜೆ. ಅಮ್ಮನ ಆಫೀಸಿನ ಲ್ಯಾಪ್‌ಟಾಪ್, ಅಪ್ಪನ ಸ್ಪ್ಯಾನರ್ ಪೆಟ್ಟಿಗೆ, ಮಿಕ್ಸಿ, ನೆಲ ಒರೆಸುವ ದುಂಡನೆಯ ಯಂತ್ರ, ಇವೆಲ್ಲದರ ನಡುವೆ, ಸಭೆಯ ಅಧ್ಯಕ್ಷರ ಜಾಗದಲ್ಲಿ, ತಮ್ಮನ್ನು ಕೂರಿಸಿದರು. ಮರುದಿನವೇ ಜಾಜ್ ಬ್ಯಾಂಡಿನ ಆಯ್ಕೆ ಇದೆ, ಇವತ್ತು ಅಭ್ಯಾಸ ಮಾಡಬೇಕು ಎಂದು ನಾನು ಹೇಳಿದೆ. ಹೇಳಿದೆ ಎಂದರೆ, ಹೇಳಬೇಕೆಂದು ಎರಡು ಸಲ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ಅಮ್ಮನಿಗೆ ಏನು ಮಾಡಿದರೂ ಅಚ್ಚುಕಟ್ಟಾಗಿ ಮಾಡಬೇಕು. ತಮಗೆ ಏಳು ಜಾಗಗಳಿವೆ ಎಂದು ನಾನು ಎಂದೋ ಹೇಳಿದ್ದು ಅವರಿಗೆ ನೆನಪಿತ್ತು. ‘ಏಳಕ್ಕೂ ಇಡೋಣ ಪ್ರಣು, ಒಂದಕ್ಕಿಟ್ಟು ಒಂದಕ್ಕೆ ಬಿಟ್ರೆ ಚೆನ್ನಾಗಿರಲ್ಲ’ ಎಂದು ಸ್ಲೈಡನ್ನು ಉದ್ದಕ್ಕೂ ಎಳೆದು, ಒಳಗಿನ ನುಣುಪಾದ ಕೊಳವೆ ಕಾಣಿಸಿಕೊಂಡದ್ದೇ, ಅದರ ಮೇಲೆ ಒದ್ದೆ ಅರಿಶಿನದ ಏಳು ಪಟ್ಟಿ, ಪ್ರತಿ ಪಟ್ಟಿಗೂ ದುಂಡಗೆ ಕುಂಕುಮ. ಆ ಒಳಗಿನ ಕೊಳವೆಗೆ ಧೂಳಿನ ಕಣವೂ ತಾಗಬಾರದೆಂದು ಹಫೀಜಾ ಮೊದಲ ದಿನವೇ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಬಾಯಿಗೆ ಸಕ್ಕರೆ ಹಾಕಿದರು, ಪ್ರಸಾದ. ತಾವು ಬಹಳ ಸುಂದರವಾಗಿ ಕಾಣುತ್ತಿದ್ದಿರಿ ಎಂಬುದನ್ನು ಒಪ್ಪಿಕೊಳ್ಳಬೇಕು. ತಮ್ಮ ಫೋಟೋಗೆ ಮೈಸೂರಿನ ನೆಂಟರ ಗುಂಪಿನಲ್ಲಿ ನಲವತ್ತೊಂದು ನಮಸ್ಕಾರ ಬಂತು, ನನ್ನ ಹುಟ್ಟುಹಬ್ಬಕ್ಕೆ ಹನ್ನೊಂದು ಬಂದಿತ್ತು.

ಮಂಗಳವಾರ ಬೆಳಿಗ್ಗೆ ಮಂಗಳಾರತಿಯಾದ ಮೇಲೆ ‘ಒಂದ್ಸಲ ಊದೇ, ಶುಭವಾಗ್ಲಿ’ ಎಂದು ಅಮ್ಮ ಅಂದರು. ಇನ್ನೂ ಆರು ಗಂಟೆಯಾಗಿರಲಿಲ್ಲ. ಗೋಡೆಯಾಚೆ ಮಲಗಿದ್ದ ಟಾನ್ ಆಂಟಿಯನ್ನು ನೆನೆದು ಬರೀ ಗಾಳಿ ಊದಿದೆ. ಅಪ್ಪ ಸೆಲೆಟಾರಿನಲ್ಲಿ ವಿಮಾನದ ಚಕ್ರಗಳು ಸರಿಯಾಗಿ ಮಡಚಿಕೊಳ್ಳುತ್ತವೆಯೇ ಎಂದು ನೋಡುವ ಎಂಜಿನಿಯರು. ‘ಇದೂ ಅದೇ ಟೈಪ್ ಕಣಮ್ಮ, ಒಂದೇ ಸಮ ತಳ್ಳಬೇಕು’ ಎಂದು, ನಾನು ಬಟ್ಟೆ ತಂದು ಒರೆಸುವುದರೊಳಗೆ, ತಮ್ಮ ಸ್ಲೈಡನ್ನು ಒಂದೇ ಸಮ ತಳ್ಳಿ, ಮುಚ್ಚಿ, ಪೆಟ್ಟಿಗೆಗೆ ಹಾಕಿದರು. ಏಳು ಪಟ್ಟಿ ಅರಿಶಿನ, ಏಳು ದುಂಡು ಕುಂಕುಮ, ಎಲ್ಲವೂ ತಮ್ಮ ಹೊಟ್ಟೆಯೊಳಗೆ ಹೋದವು. ತಾವು ಒಂದು ಕೆಮ್ಮೂ ಕೆಮ್ಮಲಿಲ್ಲ. ಅಂಥ ಸಂಯಮವನ್ನು ನಾನು ಎಲ್ಲಿಂದ ತರಲಿ.

ಮಧ್ಯಾಹ್ನ ಬ್ಯಾಂಡ್ ಕೋಣೆಯ ಹೊರಗೆ ನನ್ನ ಸರದಿಗೆ ಮೂರು ನಿಮಿಷ ಇರುವಾಗ ತಮ್ಮನ್ನು ಜೋಡಿಸಿ ಸ್ಲೈಡ್ ಎಳೆದೆ. ಬರಲಿಲ್ಲ. ಗೋಡೆಗೆ ಒರಗಿ ಎಳೆದೆ. ಬರಲಿಲ್ಲ. ಸ್ಲೈಡಿಗೆಂದೇ ಇಟ್ಟುಕೊಳ್ಳುವ ನೀರಿನ ಬಾಟಲಿಯಿಂದ ಅರ್ಧ ಬಾಟಲಿ ಚಿಮುಕಿಸಿದೆ, ಅದನ್ನೂ ಕುಡಿದು ಸುಮ್ಮನಿದ್ದಿರಿ. ಬಾಗಿಲು ತಟ್ಟಿ, ಸರ್, ಇದು ಸಿಕ್ಕಿಕೊಂಡಿದೆ ಎಂದು ಮೂರು ಪದ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನಂಥವರಿಗೆ ಬಾಗಿಲು ತಟ್ಟುವುದಕ್ಕಿಂತ, ಶಾಲೆಗೆ ದಿಢೀರನೆ ರಜೆ ಘೋಷಣೆಯಾಗಲಿ ಎಂದು ಕಾಯುವುದು ಸುಲಭ. ರಜೆ ಘೋಷಣೆಯಾಗಲಿಲ್ಲ. ಹೆಸರು ಕರೆದರು.

ಒಳಗೆ ಕೋ ಸರ್, ಹಫೀಜಾ, ಕೀಬೋರ್ಡಿನವಳು, ಡ್ರಮ್ಸಿನಲ್ಲಿ ಮಧ್ವೇಶ್. ಅವರು ತಾಳ ಹಿಡಿದರು, ಎಂಟು ಬಾರ್ ನನ್ನದೆಂದು ಸರ್ ಕೈ ತೋರಿಸಿದರು. ನಾನು ತುಟಿಗಿಟ್ಟುಕೊಂಡು ಗಾಬರಿಯಲ್ಲಿ ಎಣಿಸತೊಡಗಿದೆ. ಒಂದು ಬಾರ್ ಹೋಯಿತು. ಎರಡು ಹೋಯಿತು. ಮಧ್ವೇಶ್ ಕಣ್ಣು ಅಗಲ ಮಾಡಿದ. ಎರಡನೇ ಆವರ್ತವೂ ಮುಗಿದು ಬೆರಳು ಮಡಚಿದಾಗ, ಹತ್ತು ತಿಂಗಳ ಅಭ್ಯಾಸದಿಂದ, ನನಗರಿವಿಲ್ಲದೆಯೇ ಊದಿದೆ. ಸ್ಲೈಡ್ ಅಲ್ಲಾಡದಿದ್ದರೂ ತುಟಿ ಬಿಗಿದರೆ ತಮ್ಮಿಂದ ಐದು ಸ್ವರ ಬರುತ್ತದೆ, ನಮ್ಮ ಲೆಕ್ಕದಲ್ಲಿ ಸ, ಪ, ಮೇಲಿನ ಸ, ಅದರ ಗ, ಅದರ ಪ. ಅಷ್ಟೇ ಇದ್ದದ್ದು. ಅವನ್ನೇ ಹಿಂದುಮುಂದು ಮಾಡಿ ನಾಲ್ಕು ಬಾರ್ ದಾಟಿಸಿದೆ. ನಿಲ್ಲಿಸಿದಾಗ ಕೋ ಸರ್ ಎದ್ದು ನಿಂತಿದ್ದರು.

ಆಗ ತಾವು, ಉಸಿರಿನ ನೀರು ಇಳಿಯಲೆಂದು ತಮ್ಮ ತುದಿಯಲ್ಲಿರುವ ಪುಟ್ಟ ರಂಧ್ರದಿಂದ, ನೆಲದ ಮೇಲೆ ಕೆಂಪಗೆ ತೊಟ್ಟಿಕ್ಕಿದಿರಿ.

ಮುಂದೆ ನಡೆದದ್ದನ್ನು ಶಾಲೆಯ ದಾಖಲೆಗಳಲ್ಲಿ ನೋಡಬಹುದು. ‘ಬಾಯಿಂದ ರಕ್ತ’ ಎಂದು ಕೋ ಸರ್ ನನ್ನನ್ನು ಕುರ್ಚಿಗೆ ಕೂರಿಸಿ, ‘ಮಾತಾಡಬೇಡ, ಏನಾದರೂ ಆಗಲಿ ಮಾತಾಡಬೇಡ’ ಅಂದರು. ಹತ್ತು ತಿಂಗಳಲ್ಲಿ ಯಾವ ಶಿಕ್ಷಕರೂ ನನಗೆ ಇಷ್ಟು ಸುಲಭದ ಆಜ್ಞೆ ಕೊಟ್ಟಿರಲಿಲ್ಲ, ಮನಸಾರೆ ಪಾಲಿಸಿದೆ. ಪ್ರಥಮ ಚಿಕಿತ್ಸೆಯ ಟೀಚರ್ ಬಂದು ಟಾರ್ಚ್ ಹಾಕಿ ನನ್ನ ಇಪ್ಪತ್ತೆಂಟು ಹಲ್ಲುಗಳನ್ನೂ ನೋಡಿದರು. ಕುಂಕುಮ ಎಂದರೇನೆಂದು ಆ ಕೋಣೆಯಲ್ಲಿ ಗೊತ್ತಿದ್ದ ಇನ್ನೊಬ್ಬನೆಂದರೆ ಮಧ್ವೇಶ್. ಅವನು ವಿಷಯ ಅರ್ಥವಾದ ಕ್ಷಣದಿಂದ ಡ್ರಮ್ಮಿನ ಹಿಂದೆ ನೆಲದ ಮೇಲೆ ಕೂತು ನಗುತ್ತಿದ್ದವನು ಕೊನೆಯ ತನಕ ಏಳಲೇ ಇಲ್ಲ.

ಒನ್-ನಾರ್ತಿನ ಆಫೀಸಿನಿಂದ ಅಮ್ಮ ಟ್ಯಾಕ್ಸಿಯಲ್ಲಿ, ಕತ್ತಿನಲ್ಲಿ ಕಂಪನಿಯ ಟ್ಯಾಗ್ ಸಮೇತ ಬಂದರು. ನೆಲ ನೋಡಿದರು, ತಮ್ಮನ್ನು ನೋಡಿದರು, ನನ್ನನ್ನು ನೋಡಿದರು. ‘ನೋ ಬ್ಲಡ್ ಸರ್. ಕುಂಕುಮ. ಪೂಜಾ. ಲ್ಯಾಪ್‌ಟಾಪ್‌ಗೂ ಹಾಕಿದೀನಿ ಸರ್, ಲ್ಯಾಪ್‌ಟಾಪ್ ಈಸ್ ಫೈನ್’ ಅಂದರು. ಆಮೇಲೆ ನನ್ನ ಕಡೆ ತಿರುಗಿ, ‘ಬಾಯಿ ಬಿಟ್ಟು ಹೇಳೋಕೇನಾಗಿತ್ತೇ ನಿಂಗೆ?’

‘ಮಾತಾಡ್ಬೇಡ ಅಂದ್ರಮ್ಮ.’

ಎಲ್ಲ ತಿಳಿಯಾದ ಮೇಲೆ ಕೋ ಸರ್ ಹೇಳಿದ ಮಾತಿನಿಂದಲೇ ನನ್ನ ನಿಜವಾದ ಕಷ್ಟ ಶುರುವಾಯಿತು. ಸೆಕೆಂಡರಿ ಒಂದರ ಮಕ್ಕಳೆಲ್ಲ ಎಂಟು ಬಾರ್ ಸಿಕ್ಕಿತೆಂದರೆ ಕೈಗೆ ಸಿಕ್ಕಿದ ಸ್ವರವನ್ನೆಲ್ಲ ತುರುಕುತ್ತಾರೆ, ನಾಲ್ಕು ಬಾರ್ ಸುಮ್ಮನಿದ್ದು, ಆಮೇಲೆ ಸ್ಲೈಡನ್ನೇ ಮುಟ್ಟದೆ, ಐದೇ ಸ್ವರದಲ್ಲಿ ಮುಗಿಸುವ ಧೈರ್ಯ ಇಷ್ಟು ವರ್ಷದಲ್ಲಿ ನೋಡಿರಲಿಲ್ಲ ಅಂದರು. ‘ಧೈರ್ಯ’ ಎಂದು ಅಮ್ಮನ ಎದುರಿಗೇ ಅಂದರು. ಅಮ್ಮನ ಮುಖ ದೀಪ ಹಚ್ಚಿದಂತಾಯಿತು. ಹಫೀಜಾ ನನ್ನ ಬೆನ್ನಿಗೆ ಗುದ್ದಿದಳು. ಸ್ಲೈಡ್ ಹಾಳಾದದ್ದು ನಾನು ಊದಿ ಮುಗಿಸಿದ ಮೇಲೆ ಎಂದು ಅವರೆಲ್ಲ ತಿಳಿದಿದ್ದರು. ಮೊದಲೇ ಸಿಕ್ಕಿಕೊಂಡಿತ್ತು, ನಾಲ್ಕು ಬಾರ್ ಸುಮ್ಮನಿದ್ದದ್ದು ಧೈರ್ಯದಿಂದಲ್ಲ, ಅದರ ವಿರುದ್ಧದ್ದರಿಂದ ಎಂದು ಗೊತ್ತಿದ್ದವರು ಇಬ್ಬರೇ. ಅವರಲ್ಲಿ ತಾವು ಬಟ್ಟೆ ಸುತ್ತಿಸಿಕೊಂಡು ರಿಪೇರಿಗೆ ಹೊರಟುಹೋದಿರಿ.

ಮಾನ್ಯರೇ, ಅವತ್ತಿನಿಂದ ಎರಡು ದಿನ ನಾನು ಊಟದಲ್ಲಿ ಉಪ್ಪಿದೆಯೋ ಇಲ್ಲವೋ ತಿಳಿಯದೆ ತಿಂದೆ. ಸುಮ್ಮನಿದ್ದರೆ ಕುರ್ಚಿ ನನ್ನದು, ತಾವೂ ನನ್ನವರು. ಸುಮ್ಮನಿರುವುದರಲ್ಲಿ ನನಗಿಂತ ಪಳಗಿದವರು ಆ ಶಾಲೆಯಲ್ಲೇ ಇಲ್ಲ. ವಾದ್ಯ ಹಾಳು ಮಾಡಿದವರು ಏನಾಯಿತು, ಏನು ಕಲಿತೆ ಎಂದು ಬರೆದುಕೊಡಬೇಕಾದ ಫಾರ್ಮು ನನ್ನ ಬ್ಯಾಗಿನಲ್ಲಿತ್ತು, ಅದರಲ್ಲಿ ನಾಲ್ಕು ಗೆರೆ. ಪೂಜೆಯ ವಿಷಯ ಬರೆದರೆ ಗೆರೆ ತುಂಬುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಬರೆದೂ ನೋಡಿದೆ, ಚೆನ್ನಾಗಿಯೇ ಬಂದಿತ್ತು. ಆದರೆ ಜನವರಿಯಲ್ಲಿ ಆ ಕುರ್ಚಿಯಲ್ಲಿ ಕೂತ ಮೇಲೆ ಪ್ರತಿ ಮಂಗಳವಾರ ಸರ್ ನನ್ನ ಕಡೆ ಕೈ ತೋರಿಸುತ್ತಾರೆ, ಅಲ್ಲಿಲ್ಲದ ಒಬ್ಬ ಧೈರ್ಯವಂತೆಗೆ. ಪ್ರತಿ ವಾರ ನಾನು ಅವಳಂತೆ ಊದಬೇಕು. ಅದನ್ನು ಯೋಚಿಸಿದರೆ ಬಾಗಿಲು ತಟ್ಟುವುದೇ ವಾಸಿ ಎನ್ನಿಸಿತು.

ಗುರುವಾರ ಸ್ಟಾಫ್ ರೂಮಿನ ಬಾಗಿಲು ತಟ್ಟಿದೆ. ಎಷ್ಟು ಮೆಲ್ಲಗೆಂದರೆ ಮೂರನೇ ಸಲಕ್ಕೆ ಒಳಗಿನವರು ಹಲ್ಲಿಯಿರಬೇಕೆಂದು ಎದ್ದು ನೋಡಿದರು. ಹೊಸದಾಗಿ ಬರೆದ ಫಾರ್ಮು ಕೊಟ್ಟೆ. ಸರ್ ಓದಿದರು.

‘ಹಾಗಾದರೆ ಸ್ಲೈಡ್ ಮೊದಲೇ ಜಾಮ್ ಆಗಿತ್ತು.’

‘ಹೌದು ಸರ್.’

‘ಆ ನಾಲ್ಕು ಬಾರ್?’

‘ಹೆದರಿಕೆ ಸರ್.’

ಸರ್ ಕನ್ನಡಕ ತೆಗೆದು, ನನ್ನ ಲೆಕ್ಕದಲ್ಲಿ ಆರು ಆವರ್ತ ಅದನ್ನು ಒರೆಸಿ, ಮೇಜಿನ ಮೇಲಿಟ್ಟರು. ಆಮೇಲೆ ‘ನಾನು ಮಂಗಳವಾರ ಮನೆಗೆ ಹೋಗಿ ಹೆಂಡತಿಗೆಲ್ಲ ಹೇಳಿಬಿಟ್ಟಿದ್ದೆ ಲಾ’ ಅಂದರು. ಮತ್ತೆ, ಆಯ್ಕೆ ಲೆಕ್ಕಕ್ಕಿಲ್ಲ, ಇನ್ನೂ ಇಬ್ಬರು ಕಾದಿದ್ದಾರೆ, ಅವರ ಜೊತೆ ನಾಳೆ ಮತ್ತೆ ನುಡಿಸು, ಹಫೀಜಾಳ ನಾಲ್ಕನೇ ನಂಬರಿನದನ್ನು ತೆಗೆದುಕೋ ಅಂದರು.

ನಾಲ್ಕನೇ ನಂಬರಿನವರು ಬೆಣ್ಣೆಯಂತೆ ಜಾರುತ್ತಾರೆ. ಮುಟ್ಟಿದರೆ ಸಾಕು, ಹೇಳಿದ ಜಾಗಕ್ಕೆ ಹೋಗಿ ನಿಲ್ಲುತ್ತಾರೆ. ಶುಕ್ರವಾರ ಎಂಟು ಬಾರ್ ಸಿಕ್ಕಿದ್ದೇ ತಡ, ಸೈಕಲ್ ಕಲಿತ ಹೊಸತರಲ್ಲಿ ಬೀದಿಬೀದಿ ಸುತ್ತುವವಳಂತೆ ಐದೂ ಜಾಗಕ್ಕೆ ಹೋಗಿಬಂದೆ, ಒಂದು ಬಾರ್ ಕೂಡ ಖಾಲಿ ಬಿಡಲಿಲ್ಲ. ಮುಗಿದ ಮೇಲೆ ಸರ್ ತಲೆ ಕೆರೆದುಕೊಂಡು, ‘ಎಲ್ಲ ಸರಿಯಾಗಿದೆ. ಬಸ್ಸು ತಪ್ಪಿಹೋಗುತ್ತಾ ನಿನಗೆ?’ ಎಂದು ಕೇಳಿದರು. ಮಧ್ವೇಶ್ ‘ಬಸ್ ಹೊರಟೇ ಹೋಯ್ತು ಸರ್’ ಅಂದ. ನನ್ನ ಕಿವಿ ಬಿಸಿಯಾಯಿತು. ಸರ್ ಮುಂದಿನ ಹೆಸರು ಕರೆಯಲು ಹಾಳೆ ಎತ್ತಿಕೊಂಡರು.

‘ಸರ್, ಇನ್ನೊಂದು ಸಲ. ಕ್ಯಾನ್?’

ಆಗಬಹುದಾ ಎಂಬುದಕ್ಕೂ ಆಗಬಹುದು ಎಂಬುದಕ್ಕೂ ಇಲ್ಲಿನವರು ಕ್ಯಾನ್ ಎಂದೇ ಅನ್ನುತ್ತಾರೆ, ಆದರೆ ಅದು ನನ್ನ ದನಿಯೇ ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು. ಹಫೀಜಾ ತಿರುಗಿ ನೋಡಿದಳು. ಸರ್ ಹಾಳೆ ಕೆಳಗಿಟ್ಟು, ‘ಕ್ಯಾನ್’ ಅಂದರು.

ಈ ಸಲ ನಾನು ಎಣಿಸುತ್ತ ಕೂತೆ, ಎರಡು ಬಾರ್. ಗಾಬರಿಯಿಂದಲ್ಲ, ನನಗೆ ಬೇಕಾಗಿತ್ತು. ಕೀಬೋರ್ಡಿನವಳು ಕಾದಳು. ಮಧ್ವೇಶ್ ಕೋ ಸರ್ ಕಡೆ ನೋಡುವುದನ್ನು ಬಿಟ್ಟು ನನ್ನ ಕಡೆ ನೋಡುತ್ತ ಕಡ್ಡಿಯ ಪೆಟ್ಟನ್ನು ಮೆಲ್ಲಗೆ ಮಾಡಿಕೊಂಡ. ಆಮೇಲೆ ಊದಿದೆ, ಕೊಂಚವೇ. ಸ್ಲೈಡನ್ನು ಒಂದೇ ಒಂದು ಸಲ, ಅದೂ ಎಲ್ಲರೂ ಇನ್ನು ಮುಗಿಯಿತೆಂದುಕೊಂಡಾಗ, ಎಳೆದೆ.

ಸಂಜೆ ಪಟ್ಟಿ ಹಾಕಿದರು. ಎರಡನೇ ಟ್ರಾಂಬೋನ್, ಪ್ರಣತಿ. ಅದರ ಪಕ್ಕದ ಕಾಲಮ್ಮಿನಲ್ಲಿ, ಏಳನೇ ನಂಬರ್, ರಿಪೇರಿಯಲ್ಲಿದೆ.

ಇಷ್ಟನ್ನೂ ತಾವಿಲ್ಲದೆ, ತಮ್ಮ ಯಾವ ಸಹಾಯವೂ ಇಲ್ಲದೆ, ಬೇರೆಯವರ ಟ್ರಾಂಬೋನಿನ ಮೇಲೆ ಸಾಧಿಸಿದ್ದೇನೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ಅಂಗಡಿಯವರು ತಮ್ಮ ಸ್ಲೈಡನ್ನು ಬಿಚ್ಚುವುದು ಕಷ್ಟ, ಬಿಚ್ಚಲಾಗದಿದ್ದರೆ ತಮ್ಮನ್ನು ದಾಖಲೆಯಿಂದಲೇ ತೆಗೆದು ಶಾಲೆ ಹೊಸದನ್ನು ತರಿಸುತ್ತದೆ ಎಂದು ಹಫೀಜಾ ಹೇಳುತ್ತಾಳೆ. ಹೊಸದರ ಸ್ಲೈಡ್ ಗಾಜಿನಂತಿರುತ್ತದಂತೆ, ತೂಕವೂ ಕಡಿಮೆಯಂತೆ. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯೇನೆಂದರೆ, ಬರುವ ವಾರ ಅಂಗಡಿಯವರು ಎಳೆದಾಗ ತಾವು ಮೊಂಡು ಹಿಡಿಯದೆ, ಗೌರವಯುತವಾಗಿ, ಹೊರಗೆ ಬರಬೇಕು. ನೋಯುತ್ತದೆಂದಾದರೆ ಅರ್ಧ ಇಂಚು ಇವತ್ತು, ಅರ್ಧ ಇಂಚು ನಾಳೆ ಬಂದರೂ ಆಗಬಹುದು. ನನಗೆ ಕಾಯಲು ಬರುತ್ತದೆ.

ತಮ್ಮ ಮೇಲೆ ಅಪಾರ ಅಸಮಾಧಾನವಿಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಪ್ರಣತಿ ವಾಸು,
ಎರಡನೇ ಟ್ರಾಂಬೋನ್, ಜಾಜ್ ಬ್ಯಾಂಡ್.

ವಿ.ಸೂ.: ಮೇಲೆ ಹೇಳಿದ ನಾಲ್ಕನೇ ನಂಬರಿನವರು ಬಹಳ ಸಜ್ಜನರು. ಅವರಿಂದ ನನಗೆ ಒಂದು ದಿನವೂ ಯಾವ ತೊಂದರೆಯೂ ಆಗಿಲ್ಲ. ಹಾಗಾಗಿ ಅವರಿಗೆ ಪತ್ರ ಬರೆಯುವ ಯೋಚನೆಯೂ ನನಗಿಲ್ಲ.